ಯುರೋಪ್ ಅಧ್ಯಯನದ ಉಪನ್ಯಾಸಗಳು: ಕೇಳಬೇಕೇ, ನಂಬಬೇಕೇ?

ಪ್ರಶ್ನೆ: “ಇತಿಹಾಸ ಎಂ.ಎ. ಕೊನೆಯ ವರ್ಷದಲ್ಲಿ ಓದುತ್ತಿದ್ದೇನೆ. ನಮ್ಮ ವಿಶ್ವವಿದ್ಯಾಲಯದ ಯುರೋಪ್ ಅಧ್ಯಯನ ಕೇಂದ್ರದವರು ಏರ್ಪಡಿಸುವ ಸಾರ್ವಜನಿಕ ಉಪನ್ಯಾಸಗಳಿಗೆ ಒಂದು ವರ್ಷದಿಂದ ತಪ್ಪದೆ ಹೋಗುತ್ತಿದ್ದೇನೆ. ಇದುವರೆಗೆ ಏಳು ಆಗಿವೆ. ಮೂರರಲ್ಲಿ ರಾಯಭಾರಿಗಳು ಮಾತಾಡಿದರು, ಮೂರರಲ್ಲಿ ಹೊರಗಿನಿಂದ ಬಂದ ಪ್ರಾಧ್ಯಾಪಕರು, ಒಂದು ದುಂಡುಮೇಜಿನ ಚರ್ಚೆ. ಟಿಪ್ಪಣಿ ಪುಸ್ತಕ ತುಂಬಿದೆ, ತಲೆಯಲ್ಲಿ ಮಾತ್ರ ಏನೂ ನಿಂತಿಲ್ಲ. ಯುರೋಪಿಯನ್ ಕೌನ್ಸಿಲ್, ಕೌನ್ಸಿಲ್ ಆಫ್ ಯುರೋಪ್ ಎಂಬ ಹೆಸರುಗಳೇ ಒಂದರೊಳಗೊಂದು ಕಲಸಿಹೋಗಿವೆ. ಆಹ್ವಾನ ಪತ್ರಿಕೆಯ ಮೂಲೆಯಲ್ಲಿ ಐರೋಪ್ಯ ಒಕ್ಕೂಟದ ಹನ್ನೆರಡು ನಕ್ಷತ್ರಗಳ ಚಿಹ್ನೆ ಕಂಡ ಗೆಳೆಯನೊಬ್ಬ ‘ದುಡ್ಡು ಅವರದು, ಹಾಡೂ ಅವರದೇ, ನೀನು ಚಪ್ಪಾಳೆ ತಟ್ಟಲು ಹೋಗುತ್ತಿದ್ದೀಯ’ ಎನ್ನುತ್ತಾನೆ. ಕಳೆದ ಬಾರಿ ಧೈರ್ಯ ಮಾಡಿ ಒಂದು ಪ್ರಶ್ನೆ ಕೇಳಿದೆ: 1957ರಲ್ಲಿ, ಯುರೋಪಿಯನ್ ಆರ್ಥಿಕ ಸಮುದಾಯವನ್ನು ಹುಟ್ಟುಹಾಕಿದ ರೋಮ್ ಒಪ್ಪಂದಕ್ಕೆ ಸಹಿ ಹಾಕಿದ ಕೆಲವು ದೇಶಗಳಿಗೆ ಆಗಿನ್ನೂ ವಸಾಹತುಗಳಿದ್ದವಲ್ಲ, ಒಪ್ಪಂದದಲ್ಲಿ ಅವುಗಳ ಗತಿ ಏನಾಯಿತು? ರಾಯಭಾರಿಗಳು ನಕ್ಕು, ‘ಅದು ಇತಿಹಾಸಕಾರರ ವಿಷಯ, ನಾವು ಮುಂದಕ್ಕೆ ನೋಡೋಣ’ ಎಂದರು. ಕಾರ್ಯಕ್ರಮ ನಡೆಸುತ್ತಿದ್ದವರು ಸಮಯವಾಯಿತೆಂದು ಮೈಕನ್ನು ಬೇರೊಬ್ಬರಿಗೆ ಕೊಟ್ಟರು. ಈಗ ಅದೇ ಕೇಂದ್ರ ವಿದ್ಯಾರ್ಥಿಗಳ ವಿಚಾರಸಂಕಿರಣಕ್ಕೆ 300 ಪದಗಳ ಸಾರಲೇಖ ಕೇಳಿದೆ. ಕಳಿಸಲೇ? ಫ್ರೆಂಚ್ ಅಥವಾ ಜರ್ಮನ್ ಬಾರದವಳು ಇಂಥದ್ದಕ್ಕೆ ಕೈ ಹಾಕಬಹುದೇ? ಈ ಉಪನ್ಯಾಸಗಳಿಂದ, ಅವರು ಕೊಡುವ ಪ್ರಮಾಣಪತ್ರಗಳಿಂದ ನಿಜಕ್ಕೂ ಪ್ರಯೋಜನವಿದೆಯೇ?”

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕೈದು ಪ್ರಶ್ನೆಗಳಿದ್ದರೂ ಅವುಗಳ ಬೇರು ಒಂದೇ ಎಂದು ನನಗೆ ತೋರುತ್ತದೆ. ವೇದಿಕೆಯ ಮೇಲಿಂದ ಬಂದ ಮಾತನ್ನು ಎಷ್ಟರ ಮಟ್ಟಿಗೆ ವಿದ್ವತ್ತೆಂದು ಸ್ವೀಕರಿಸಬೇಕು, ಎಷ್ಟರ ಮಟ್ಟಿಗೆ ಬದಿಗಿಡಬೇಕು ಎಂಬುದು ನಿಮಗೆ ಗೊತ್ತಾಗುತ್ತಿಲ್ಲ. ಹಲವು ವರ್ಷ ಇಂತಹ ಉಪನ್ಯಾಸ ಮಾಲೆಗಳನ್ನು ನಡೆಸಿದವನಾಗಿ, ಅಂದರೆ ಮೈಕನ್ನು ಬೇರೊಬ್ಬರಿಗೆ ಕೊಟ್ಟವರ ಸಾಲಿಗೇ ಸೇರಿದವನಾಗಿ, ಉತ್ತರಿಸುತ್ತಿದ್ದೇನೆ.

ನೀವು ಕೇಳಿದ ಏಳೂ ಕಾರ್ಯಕ್ರಮಗಳನ್ನು ‘ಉಪನ್ಯಾಸ’ ಎಂಬ ಒಂದೇ ಹೆಸರಿನಡಿ ಎಣಿಸಿದ್ದೀರಿ. ಆಹ್ವಾನ ಪತ್ರಿಕೆಯೂ ಹಾಗೆಯೇ ಮುದ್ರಿಸಿರುತ್ತದೆ, ತಪ್ಪು ನಿಮ್ಮದಲ್ಲ. ಆದರೆ ಪ್ರಾಧ್ಯಾಪಕರು ಮಾತಾಡುವುದು ತಮ್ಮ ಸಂಶೋಧನೆಯ ಹೊಣೆಯ ಮೇಲೆ, ರಾಯಭಾರಿ ಮಾತಾಡುವುದು ತಮ್ಮ ಸರ್ಕಾರದ ಹೊಣೆಯ ಮೇಲೆ. ರಾಯಭಾರ ಕಚೇರಿಯಿಂದ ಮುಂಚಿತವಾಗಿ ಬರುವ ಭಾಷಣದ ಪ್ರತಿಯನ್ನು ನೀವು ನೋಡಿಲ್ಲದಿರಬಹುದು. ಅದರ ತಲೆಯಲ್ಲಿ ಸಾಮಾನ್ಯವಾಗಿ ‘ವಾಸ್ತವವಾಗಿ ಆಡಿದ ಮಾತಿನೊಂದಿಗೆ ಹೋಲಿಸಿ ನೋಡಿಕೊಳ್ಳತಕ್ಕದ್ದು’ ಎಂಬರ್ಥದ ಒಂದು ಒಕ್ಕಣೆ ಇರುತ್ತದೆ. ಪ್ರತಿಯೊಂದು ವಾಕ್ಯವೂ ಇನ್ನೊಬ್ಬರ ಮೇಜಿನ ಮೇಲೆ ಹಾದು ಬಂದಿದೆ, ಆಡುವಾಗ ಒಂದು ಪದ ಆಚೀಚೆಯಾದರೂ ಅದಕ್ಕೆ ಬೆಲೆಯಿದೆ ಎಂದು ಆ ಒಂದು ಸಾಲು ಹೇಳುತ್ತದೆ. ಹಾಗೆ ತಿದ್ದಿ ತೀಡಿದ ಪಠ್ಯ ಕೈಯಲ್ಲಿರುವಾಗ, ಸಭೆಯಿಂದ ಎದ್ದ ವಸಾಹತುಗಳ ಪ್ರಶ್ನೆಗೆ ತತ್‌ಕ್ಷಣ ಉತ್ತರಿಸಲು ಅವರಿಗೆ ಅಧಿಕಾರವೇ ಇರುವುದಿಲ್ಲ. ನಗು ಬಂದದ್ದು ಅಲ್ಲಿಂದ. ನಿಮ್ಮ ಪ್ರಶ್ನೆ ಪೆದ್ದು ಎಂಬುದಕ್ಕೆ ಅದು ಸಾಕ್ಷಿಯಲ್ಲ.

ಹಾಗೆಂದು ಅಂತಹ ಭಾಷಣಗಳಿಗೆ ಹೋಗುವುದು ವ್ಯರ್ಥವೆಂದು ನಾನು ಹೇಳಲಾರೆ. ವಿಶೇಷವಾಗಿ ಇತಿಹಾಸದ ವಿದ್ಯಾರ್ಥಿನಿಗೆ ಹೇಳಲಾರೆ. ಯುರೋಪಿನ ಏಕೀಕರಣದ ಕಥೆಯಲ್ಲಿ ವಿಶ್ವವಿದ್ಯಾಲಯದ ಸಭಾಂಗಣಕ್ಕೆ ವಿಚಿತ್ರವಾದ ಒಂದು ಸ್ಥಾನವಿದೆ. 1946ರ ಸೆಪ್ಟೆಂಬರ್ 19ರಂದು ಜ್ಯೂರಿಕ್ ವಿಶ್ವವಿದ್ಯಾಲಯದಲ್ಲಿ ಚರ್ಚಿಲ್ ಯುರೋಪಿನ ಸಂಯುಕ್ತ ಸಂಸ್ಥಾನದಂಥದ್ದೊಂದು ಬೇಕೆಂದು ಹೇಳಿ, ಅದರ ಮೊದಲ ಹೆಜ್ಜೆ ಫ್ರಾನ್ಸ್ ಮತ್ತು ಜರ್ಮನಿಯ ಸಹಭಾಗಿತ್ವವೆಂದರು. ಬ್ರಿಟನ್ನನ್ನು ಮಾತ್ರ ಅದರ ಒಳಗೆ ಕೂರಿಸದೆ ಹೊರಗಿನ ಮಿತ್ರರ, ಪೋಷಕರ ಸಾಲಿನಲ್ಲಿ ನಿಲ್ಲಿಸಿದರು. ಮರುವರ್ಷ ಜೂನ್ 5ರಂದು ಅಮೆರಿಕದ ವಿದೇಶಾಂಗ ಸಚಿವ ಜಾರ್ಜ್ ಮಾರ್ಷಲ್ ಯುರೋಪಿನ ಪುನರ್ನಿರ್ಮಾಣದ ನೆರವನ್ನು ಪ್ರಸ್ತಾಪಿಸಿದ್ದು ಹಾರ್ವರ್ಡ್‌ನ ಪದವಿ ಪ್ರದಾನದ ದಿನ. 1988ರ ಸೆಪ್ಟೆಂಬರ್ 20ರಂದು ಬ್ರೂಜ್‌ನ ಕಾಲೇಜ್ ಆಫ್ ಯುರೋಪ್‌ನಲ್ಲಿ, ಅಂದರೆ ಯುರೋಪ್ ಅಧ್ಯಯನಕ್ಕೆಂದೇ 1949ರಲ್ಲಿ ಹುಟ್ಟಿದ ಸಂಸ್ಥೆಯ ವೇದಿಕೆಯಲ್ಲೇ ನಿಂತು, ಮಾರ್ಗರೆಟ್ ಥ್ಯಾಚರ್ ಐರೋಪ್ಯ ಸಂಸ್ಥೆಗಳ ನೆಲೆಯಾದ ಬ್ರಸೆಲ್ಸ್‌ನಿಂದ ಆಳುವ ಅತಿರಾಜ್ಯದ ಕಲ್ಪನೆಯನ್ನು ತರಾಟೆಗೆ ತೆಗೆದುಕೊಂಡರು. 2017ರ ಸೆಪ್ಟೆಂಬರ್ 26ರಂದು ಮ್ಯಾಕ್ರನ್ ಸಾರ್ವಭೌಮ ಯುರೋಪಿನ ಬಗ್ಗೆ ಮಾತಾಡಲು ಆರಿಸಿಕೊಂಡದ್ದೂ ಸೊರ್ಬೋನ್ ವಿಶ್ವವಿದ್ಯಾಲಯವನ್ನೇ. ಇವುಗಳಲ್ಲಿ ಒಂದೂ ವಿದ್ವತ್ ಉಪನ್ಯಾಸವಲ್ಲ, ಎಲ್ಲವೂ ಮೂಲ ಆಕರಗಳು. ಶಾಸನವನ್ನು ಓದುವಾಗ ರಾಜನ ಹೊಗಳಿಕೆಯನ್ನು ನಂಬುವ ಅಗತ್ಯವಿಲ್ಲವೆಂದು ನಿಮಗೆ ಗೊತ್ತಿದೆ, ಆದರೂ ಶಾಸನವನ್ನು ಎಸೆಯುವುದಿಲ್ಲ. ಅಷ್ಟೇ ಎಚ್ಚರ ಇಲ್ಲಿಯೂ ಸಾಕು.

ಈ ಮಾತಿಗೆ ನನಗೆ ಬಹಳ ಇಷ್ಟವಾದ ಉದಾಹರಣೆ ಇನ್ನೊಂದಿದೆ. 2000ದ ಮೇ 12ರಂದು ಬರ್ಲಿನ್ನಿನ ಹುಂಬೋಲ್ಟ್ ವಿಶ್ವವಿದ್ಯಾಲಯದಲ್ಲಿ ಯೋಷ್ಕಾ ಫಿಷರ್ ಯುರೋಪು ಮುಂದೊಂದು ದಿನ ಪೂರ್ಣ ಸಂಯುಕ್ತ ವ್ಯವಸ್ಥೆಯಾಗಬೇಕೆಂದು ವಾದಿಸಿದರು. ಆಗ ಅವರು ಜರ್ಮನಿಯ ವಿದೇಶಾಂಗ ಸಚಿವರು. ಭಾಷಣದ ಆರಂಭದಲ್ಲೇ, ಈ ಹೊತ್ತಿನ ಮಟ್ಟಿಗೆ ತಾನು ಸಚಿವನ ನಿಲುವಂಗಿಯನ್ನು ಕಳಚಿಟ್ಟಿದ್ದೇನೆ ಎಂದು ಅವರು ಹೇಳಿಕೊಂಡರು. ಆದರೆ ಯಾರೂ ಹಾಗೆ ಭಾವಿಸಲಿಲ್ಲ. ಇಡೀ ಯುರೋಪು ಅದನ್ನು ಜರ್ಮನಿಯ ಸಚಿವರ ಮಾತೆಂದೇ ಕೇಳಿತು, ಅದರ ಮೇಲೆ ವರ್ಷಗಟ್ಟಲೆ ಚರ್ಚೆ ನಡೆಯಿತು. ಭಾಷಣಕಾರ ಎಷ್ಟೇ ಬೇಡವೆಂದರೂ ಅವನು ಕುಳಿತ ಕುರ್ಚಿ ಅವನ ಜೊತೆಗೇ ಬರುತ್ತದೆ. ಆದ್ದರಿಂದ ಮುಂದಿನ ಕಾರ್ಯಕ್ರಮಕ್ಕೆ ಹೋಗುವಾಗ ಟಿಪ್ಪಣಿ ಪುಟದ ಮೇಲ್ಭಾಗದಲ್ಲಿ ವಿಷಯದ ಶೀರ್ಷಿಕೆಯ ಜೊತೆಗೆ ‘ಯಾವ ಕುರ್ಚಿಯಿಂದ’ ಎಂದೂ ಬರೆದುಕೊಳ್ಳಿ. ಮಾತುಗಳನ್ನೆಲ್ಲ ಬರೆದುಕೊಳ್ಳುವುದರಿಂದ ಪುಸ್ತಕ ತುಂಬುತ್ತದೆಯೇ ಹೊರತು ತಲೆ ತುಂಬುವುದಿಲ್ಲ. ಪ್ರಾಧ್ಯಾಪಕರ ಉಪನ್ಯಾಸವಾದರೆ ಅವರು ಯಾರ ವಾದವನ್ನು ಅಲ್ಲಗಳೆಯುತ್ತಿದ್ದಾರೆ ಎಂಬುದೊಂದನ್ನು ಹಿಡಿದರೆ ಸಾಕು, ಉಳಿದದ್ದು ಅದರ ಸುತ್ತ ತಾನೇ ಜೋಡಿಸಿಕೊಳ್ಳುತ್ತದೆ. ರಾಯಭಾರಿಯ ಭಾಷಣವಾದರೆ ಅವರು ಯಾವುದನ್ನು ಹೇಳದೆ ಬಿಟ್ಟರು ಎಂಬುದನ್ನು ಗುರುತು ಹಾಕಿಕೊಳ್ಳಿ.

ಇನ್ನು ನಿಮ್ಮ ಗೆಳೆಯನ ಆರೋಪ. ಅದರಲ್ಲಿ ಸ್ವಲ್ಪ ನಿಜವಿದೆ, ಆದರೆ ಅವನು ಹೇಳಿದ ಜಾಗದಲ್ಲಿ ಇಲ್ಲ.

ಹನ್ನೆರಡು ನಕ್ಷತ್ರಗಳ ಚಿಹ್ನೆ ಆಹ್ವಾನ ಪತ್ರಿಕೆಯ ಮೇಲೆ ಬರಲು ಬಹುಮಟ್ಟಿಗೆ ಕಾರಣ ಜೀನ್ ಮೊನೆ ಕಾರ್ಯಕ್ರಮ. ಐರೋಪ್ಯ ಒಕ್ಕೂಟದ ಅಧ್ಯಯನಕ್ಕೆ ವಿಶ್ವವಿದ್ಯಾಲಯಗಳಿಗೆ ನೆರವು ಕೊಡಲು 1989ರಲ್ಲಿ ಆರಂಭವಾದ ಇದು 2014ರಿಂದ ಒಕ್ಕೂಟದ ಶಿಕ್ಷಣ ನೆರವಿನ ಎರಾಸ್ಮಸ್ ಪ್ಲಸ್ ಯೋಜನೆಯ ಭಾಗವಾಗಿದೆ. ಒಕ್ಕೂಟದ ಹೊರಗಿನ ದೇಶಗಳ ವಿಶ್ವವಿದ್ಯಾಲಯಗಳೂ ಅರ್ಜಿ ಹಾಕಬಹುದು. ಅದರಡಿ ಒಬ್ಬ ಪ್ರಾಧ್ಯಾಪಕರ ಹೆಸರಿಗೆ ಸಿಗುವ ಪೀಠವಿದೆ, ಚಿಕ್ಕದಾದ ಪಾಠಘಟಕವಿದೆ, ದೊಡ್ಡದಾದ ಉತ್ಕೃಷ್ಟತಾ ಕೇಂದ್ರವಿದೆ. ಪೀಠವಾದರೆ ವರ್ಷಕ್ಕೆ ಕನಿಷ್ಠ 90 ಗಂಟೆ, ಪಾಠಘಟಕವಾದರೆ ಕನಿಷ್ಠ 40 ಗಂಟೆ ಪಾಠ ಮಾಡಬೇಕು, ಅವಧಿ ಮೂರು ವರ್ಷ. ನೆರವು ಪಡೆದವರು ತರಗತಿಯ ಆಚೆಗೂ, ಸಾರ್ವಜನಿಕರಿಗೆ ತಲುಪುವಂತಹ ಕಾರ್ಯಕ್ರಮಗಳನ್ನು ನಡೆಸಬೇಕೆಂಬ ನಿರೀಕ್ಷೆ ಇರುತ್ತದೆ. ನೀವು ಕೇಳುವ ಉಪನ್ಯಾಸ ಮಾಲೆಗಳು ಹುಟ್ಟುವುದು ಹೆಚ್ಚಾಗಿ ಹೀಗೆ. ಪ್ರಕಟಣೆಗಳ ಮೇಲೆ ಒಕ್ಕೂಟದ ಲಾಂಛನ ಹಾಕುವುದು ನೆರವಿನ ಷರತ್ತು. ಅದರ ಪಕ್ಕದಲ್ಲಿ, ಇಲ್ಲಿರುವ ಅಭಿಪ್ರಾಯಗಳು ಲೇಖಕರವೇ ಹೊರತು ಒಕ್ಕೂಟದವಾಗಿರಬೇಕಿಲ್ಲ ಎಂಬ ಒಕ್ಕಣೆ ಹಾಕುವುದೂ ಷರತ್ತೇ. ಚಿಹ್ನೆ ಎಲ್ಲರ ಕಣ್ಣಿಗೂ ಬೀಳುತ್ತದೆ, ಆ ಸಣ್ಣ ಅಕ್ಷರಗಳನ್ನು ಯಾರೂ ಓದುವುದಿಲ್ಲ.

ನನ್ನ ಅನುಭವದಲ್ಲಿ ನೆರವು ಕೊಟ್ಟವರು ಒಮ್ಮೆಯೂ ಉಪನ್ಯಾಸಕರ ಪಠ್ಯ ತರಿಸಿ ನೋಡಿದ್ದಿಲ್ಲ, ಇಂಥವರನ್ನು ಕರೆಯಬೇಡಿ ಎಂದದ್ದೂ ಇಲ್ಲ. ಯುರೋ ನಾಣ್ಯದ ರಚನೆಯೇ ದೋಷಪೂರ್ಣವೆಂದು ಒಂದೂವರೆ ಗಂಟೆ ವಾದಿಸಿದ ಅರ್ಥಶಾಸ್ತ್ರಜ್ಞರನ್ನು ಅದೇ ಹಣದಲ್ಲಿ ಕರೆಸಿದ್ದೇವೆ. ಆದರೆ ಹಣದ ಪ್ರಭಾವ ಇನ್ನೊಂದು ದಾರಿಯಿಂದ ಬರುತ್ತದೆ, ಅದನ್ನು ಒಪ್ಪಿಕೊಳ್ಳಬೇಕು. ಅರ್ಜಿ ಬರೆಯುವಾಗ ನಾವೇ ವಿಷಯಗಳನ್ನು ಆರಿಸುತ್ತೇವೆ. ಆರಿಸುವಾಗ ಬ್ರಸೆಲ್ಸ್‌ನ ದಾಖಲೆಗಳಲ್ಲಿ ಆ ವರ್ಷ ಓಡಾಡುತ್ತಿರುವ ಪದಗಳೇ ನಮ್ಮ ಬೆರಳ ತುದಿಗೂ ಬರುತ್ತವೆ. ಹವಾಮಾನ, ಡಿಜಿಟಲ್, ಮೌಲ್ಯಗಳು, ಭದ್ರತೆ ಇವೆಲ್ಲ ಸುಲಭವಾಗಿ ಒಳಗೆ ಬರುತ್ತವೆ. ವಸಾಹತುಶಾಹಿ, ಮೆಡಿಟರೇನಿಯನ್ನಿನಲ್ಲಿ ಮುಳುಗಿದ ದೋಣಿಗಳು, ಕೃಷಿ ಸಬ್ಸಿಡಿಯಿಂದ ಬೇರೆ ಖಂಡಗಳ ರೈತರಿಗಾದ ಪೆಟ್ಟು ಇವು ‘ಮುಂದಿನ ವರ್ಷ ನೋಡೋಣ’ ಎಂಬ ಪಟ್ಟಿಗೆ ಜಾರುತ್ತವೆ. ನಾನೂ ಹಾಗೆ ಜಾರಿಸಿದ್ದೇನೆ, ಯಾರೂ ಹೇಳದೆಯೇ. ಹೀಗಾಗಿ ಪ್ರಚಾರದ ಸಂಶಯ ಬಂದಾಗ ಒಂದು ಉಪನ್ಯಾಸದ ಮಾತುಗಳನ್ನು ಹುಡುಕಬೇಡಿ. ಎರಡು ಮೂರು ವರ್ಷದ ವಿಷಯಪಟ್ಟಿಯನ್ನು ಒಟ್ಟಿಗೆ ಹರಡಿಕೊಂಡು ಅದರಲ್ಲಿ ಏನಿಲ್ಲವೆಂದು ನೋಡಿ. ಕಾಣುವುದು ಅಲ್ಲಿ.

ಹಣದ ಮೂಲ ಒಕ್ಕೂಟವೊಂದೇ ಅಲ್ಲವೆಂಬುದೂ ನಿಮಗೆ ತಿಳಿದಿರಲಿ. ಜರ್ಮನಿಯ ರಾಜಕೀಯ ಪ್ರತಿಷ್ಠಾನಗಳು ಜಗತ್ತಿನ ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ವಿಚಾರಸಂಕಿರಣಗಳಿಗೆ ನೆರವಾಗುತ್ತವೆ. ಕೊನ್ರಾಡ್ ಅಡೆನೌರ್ ಪ್ರತಿಷ್ಠಾನ ಕ್ರಿಶ್ಚಿಯನ್ ಡೆಮಾಕ್ರಟರಿಗೆ, ಫ್ರೀಡ್ರಿಕ್ ಎಬರ್ಟ್ ಪ್ರತಿಷ್ಠಾನ ಸೋಷಿಯಲ್ ಡೆಮಾಕ್ರಟರಿಗೆ ಹತ್ತಿರದವು, ಎರಡಕ್ಕೂ ಹಣ ಬರುವುದು ಬಹುಪಾಲು ಜರ್ಮನ್ ಸರ್ಕಾರದ ಬಜೆಟ್ಟಿನಿಂದ. ಇದನ್ನು ಅವು ಮುಚ್ಚಿಡುವುದಿಲ್ಲ, ಕೇಳುಗರೇ ವಿಚಾರಿಸುವುದಿಲ್ಲ. ಇದಕ್ಕಿಂತ ದೊಡ್ಡ ಅಪಾಯ ಎಷ್ಟೋ ಸಲ ಹಣ ಕೊಡುವವರಿಂದಲ್ಲ, ಆಳುವವರಿಂದ ಬರುತ್ತದೆ. ಬುಡಾಪೆಸ್ಟ್‌ನಲ್ಲಿದ್ದ ಸೆಂಟ್ರಲ್ ಯುರೋಪಿಯನ್ ಯೂನಿವರ್ಸಿಟಿಯನ್ನು ಗುರಿಯಾಗಿಸಿ ಹಂಗೇರಿ 2017ರಲ್ಲಿ ಕಾಯ್ದೆ ಬದಲಿಸಿತು, ಸಂಸ್ಥೆ 2019ರಲ್ಲಿ ವಿಯೆನ್ನಾಕ್ಕೆ ಹೋಗಬೇಕಾಯಿತು. ಆ ಕಾಯ್ದೆ ಒಕ್ಕೂಟದ ಕಾನೂನಿಗೆ ವಿರುದ್ಧವೆಂದು ಲಕ್ಸೆಂಬರ್ಗ್‌ನ ನ್ಯಾಯಾಲಯ 2020ರ ಅಕ್ಟೋಬರ್ 6ರಂದು ತೀರ್ಪು ಕೊಟ್ಟಾಗ ತರಗತಿಗಳು ಆಗಲೇ ಇನ್ನೊಂದು ದೇಶದಲ್ಲಿ ನಡೆಯುತ್ತಿದ್ದವು.

ಹೆಸರುಗಳ ಗೊಂದಲಕ್ಕೆ ಬರೋಣ. ಇದಕ್ಕೆ ನಾಚಬೇಕಾದವರು ಹೆಸರಿಟ್ಟವರು. ಯುರೋಪಿಯನ್ ಕೌನ್ಸಿಲ್ ಎಂದರೆ ಒಕ್ಕೂಟದ 27 ಸದಸ್ಯ ದೇಶಗಳ ಮುಖ್ಯಸ್ಥರು ಸೇರುವ ಸಭೆ. ಕೌನ್ಸಿಲ್ ಆಫ್ ದಿ ಯುರೋಪಿಯನ್ ಯೂನಿಯನ್ ಎಂದರೆ ಅದೇ ದೇಶಗಳ ಮಂತ್ರಿಗಳು ವಿಷಯಕ್ಕೆ ತಕ್ಕಂತೆ, ಕೃಷಿಗೆ ಕೃಷಿ ಮಂತ್ರಿಗಳು, ಹಣಕಾಸಿಗೆ ಹಣಕಾಸು ಮಂತ್ರಿಗಳು ಎಂಬಂತೆ ಸೇರಿ ಕಾಯ್ದೆಗಳಿಗೆ ಒಪ್ಪಿಗೆ ಕೊಡುವ ಅಂಗ. ಕೌನ್ಸಿಲ್ ಆಫ್ ಯುರೋಪ್ ಎಂಬುದಕ್ಕೂ ಒಕ್ಕೂಟಕ್ಕೂ ಆಡಳಿತದ ಸಂಬಂಧವೇ ಇಲ್ಲ. ಅದು 1949ರಲ್ಲಿ ಸ್ಥಾಪನೆಯಾದ, ಸ್ಟ್ರಾಸ್‌ಬರ್ಗ್‌ನಲ್ಲಿ ನೆಲೆಯಿರುವ, 2022ರ ಮಾರ್ಚ್‌ನಲ್ಲಿ ರಷ್ಯಾವನ್ನು ಹೊರಹಾಕಿದ ಮೇಲೆ 46 ಸದಸ್ಯರಿರುವ ಬೇರೆಯೇ ಸಂಸ್ಥೆ. ಮಾನವ ಹಕ್ಕುಗಳ ಯುರೋಪಿಯನ್ ನ್ಯಾಯಾಲಯ ಇದಕ್ಕೆ ಸೇರಿದ್ದು, ಮೇಲೆ ಹೇಳಿದ ಲಕ್ಸೆಂಬರ್ಗ್‌ನ ನ್ಯಾಯಾಲಯ ಒಕ್ಕೂಟದ್ದು. ಬ್ರಿಟನ್ 2020ರ ಜನವರಿ 31ರಂದು ಒಕ್ಕೂಟದಿಂದ ಹೊರಬಂದರೂ ಕೌನ್ಸಿಲ್ ಆಫ್ ಯುರೋಪ್‌ನಲ್ಲಿ ಉಳಿದಿದೆ ಎಂಬುದನ್ನು ನೆನಪಿಟ್ಟರೆ ಎರಡೂ ಬೇರೆಯಾಗಿ ನಿಲ್ಲುತ್ತವೆ. ಗೊಂದಲ ಹೆಚ್ಚಿಸಲೆಂಬಂತೆ ಧ್ವಜವೂ ಒಂದೇ. ಹನ್ನೆರಡು ನಕ್ಷತ್ರಗಳ ಧ್ವಜವನ್ನು 1955ರಲ್ಲಿ ಮೊದಲು ಆರಿಸಿಕೊಂಡದ್ದು ಕೌನ್ಸಿಲ್ ಆಫ್ ಯುರೋಪ್. ಈಗಿನ ಒಕ್ಕೂಟದ ಪೂರ್ವರೂಪವಾದ ಸಮುದಾಯದವರು ಅದನ್ನು ತಮ್ಮದಾಗಿಸಿಕೊಂಡದ್ದು 1985ರಲ್ಲಿ. ನಕ್ಷತ್ರಗಳ ಸಂಖ್ಯೆಗೂ ಸದಸ್ಯ ದೇಶಗಳ ಸಂಖ್ಯೆಗೂ ಯಾವತ್ತೂ ಸಂಬಂಧವಿರಲಿಲ್ಲ. ವೇದಿಕೆಯ ಮೇಲೆ ಅದನ್ನು ತಪ್ಪಾಗಿ ವಿವರಿಸಿದ ಗಣ್ಯರನ್ನು ನಾನು ಕಂಡಿದ್ದೇನೆ, ನೀವು ಒಬ್ಬರೇ ಅಲ್ಲ.

ಮೈಕ್ ಕಿತ್ತುಕೊಂಡ ಸಂಗತಿಯ ಹಿಂದೆ ಪಿತೂರಿಗಿಂತ ಹೆಚ್ಚಾಗಿ ಲೆಕ್ಕದ ತಪ್ಪಿರುತ್ತದೆ. ತೊಂಬತ್ತು ನಿಮಿಷದ ಕಾರ್ಯಕ್ರಮವೆಂದು ಇಟ್ಟುಕೊಳ್ಳಿ. ಅತಿಥಿ ಹತ್ತು ನಿಮಿಷ ತಡವಾಗಿ ಬರುತ್ತಾರೆ. ಸ್ವಾಗತ, ಕೇಂದ್ರದ ಪರಿಚಯ, ಅತಿಥಿಯ ಪರಿಚಯ, ಅಧ್ಯಕ್ಷರ ಎರಡು ಮಾತು ಸೇರಿ ಇಪ್ಪತ್ತು ನಿಮಿಷ ಹೋಗುತ್ತದೆ. ಮೂವತ್ತೈದು ನಿಮಿಷಕ್ಕೆಂದು ಒಪ್ಪಿದ ಉಪನ್ಯಾಸ ಐವತ್ತಕ್ಕೆ ಮುಗಿಯುತ್ತದೆ. ಉಳಿದ ಹತ್ತು ನಿಮಿಷದಲ್ಲಿ ಮೊದಲ ಸಾಲಿನಲ್ಲಿ ಕುಳಿತ ಹಿರಿಯರೊಬ್ಬರು ಪ್ರಶ್ನೆಯೆಂದು ಎದ್ದು ತಮ್ಮದೇ ಒಂದು ಉಪನ್ಯಾಸ ಕೊಡುತ್ತಾರೆ. ಆಮೇಲೆ ಎದ್ದವರು ನೀವು. ಈ ವ್ಯವಸ್ಥೆಯನ್ನು ಸಮರ್ಥಿಸಲು ನನಗೆ ಮನಸ್ಸಿಲ್ಲ. ಪ್ರಶ್ನೆಗೆ ಸಮಯವಿಲ್ಲದ ಉಪನ್ಯಾಸವನ್ನು ಧ್ವನಿಮುದ್ರಿಸಿ ಕಳಿಸಿದರೆ ಸಾಕಾಗುತ್ತಿತ್ತು, ಸಭೆ ಸೇರಿಸುವ ಕಾರಣವೇ ಇರಲಿಲ್ಲ. ನಮ್ಮ ಕೇಂದ್ರದಲ್ಲಿ ಕೊನೆಗೆ ಪರಿಚಯವನ್ನೆಲ್ಲ ಒಂದು ಹಾಳೆಯಲ್ಲಿ ಮುದ್ರಿಸಿ ಕುರ್ಚಿಗಳ ಮೇಲಿಟ್ಟು, ಮೊದಲ ಎರಡು ಪ್ರಶ್ನೆಗಳು ವಿದ್ಯಾರ್ಥಿಗಳಿಗೇ ಮೀಸಲೆಂದು ನಿಯಮ ಮಾಡಿದೆವು. ಕೆಲವು ಅತಿಥಿಗಳಿಗೆ ಅದು ರುಚಿಸಲಿಲ್ಲ.

ನಿಮ್ಮ ಕೈಯಲ್ಲಿರುವುದು ಪ್ರಶ್ನೆಯ ಆಕಾರ ಮಾತ್ರ. ‘ವಸಾಹತುಗಳ ಗತಿ ಏನಾಯಿತು’ ಎಂಬುದು ತೆರೆದ ಬಾಗಿಲು, ನಗುತ್ತ ದಾಟಿಹೋಗಬಹುದು. ‘ರೋಮ್ ಒಪ್ಪಂದದ 227ನೇ ವಿಧಿಯಲ್ಲಿ ಅಲ್ಜೀರಿಯಾದ ಹೆಸರಿದೆ, ಅದು 1962ರಲ್ಲಿ ಸ್ವತಂತ್ರವಾದಾಗ ಯುರೋಪಿನ ಸಮುದಾಯ ಅದನ್ನು ಹೊರನಡೆದ ಪ್ರದೇಶವೆಂದು ಪರಿಗಣಿಸಿತೇ?’ ಎಂದು ಕೇಳಿದ್ದರೆ ಉತ್ತರ ಸಿಗದೇ ಹೋಗಬಹುದಿತ್ತು, ಆದರೆ ನಗು ಬರುತ್ತಿರಲಿಲ್ಲ. ಒಂದೇ ಪ್ರಶ್ನೆ, ಎರಡು ವಾಕ್ಯ, ಅದರಲ್ಲೊಂದು ಪರಿಶೀಲಿಸಬಹುದಾದ ಸಂಗತಿ ಇರಲಿ. ಸಭೆಯಲ್ಲಿ ಅವಕಾಶ ಸಿಗದಿದ್ದರೆ ಪ್ರಾಧ್ಯಾಪಕರಿಗಾದರೆ ಅದೇ ರಾತ್ರಿ ಮಿಂಚಂಚೆ ಕಳಿಸಿ, ಬಹುಪಾಲು ಜನ ಉತ್ತರಿಸುತ್ತಾರೆ. ರಾಯಭಾರಿಗಳಿಗೆ ಕಳಿಸಿದರೆ ಧನ್ಯವಾದವಷ್ಟೇ ಬರುತ್ತದೆ. ದುಂಡುಮೇಜಿನ ಚರ್ಚೆಗಳಲ್ಲಿ ಮಾತ್ರ ಒಂದು ಎಚ್ಚರ ಬೇಕು. ಆರಂಭದಲ್ಲಿ ‘ಚಾಟಮ್ ಹೌಸ್ ನಿಯಮ’ ಎಂದು ಘೋಷಿಸಿದ್ದರೆ, ಅಲ್ಲಿ ಕೇಳಿದ ಮಾಹಿತಿಯನ್ನು ಬಳಸಬಹುದು, ಯಾರು ಹೇಳಿದರು, ಅವರು ಯಾವ ಸಂಸ್ಥೆಯವರು ಎಂಬುದನ್ನು ಎಲ್ಲಿಯೂ ಬರೆಯುವಂತಿಲ್ಲ. 1927ರಿಂದ ನಡೆದುಬಂದ ಪದ್ಧತಿ ಇದು. ಗೊತ್ತಿಲ್ಲದೆ ಮುರಿದವರನ್ನು ಮತ್ತೆ ಕರೆಯುವುದಿಲ್ಲ.

ಪ್ರಮಾಣಪತ್ರಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕುಳಿತು ಕೇಳಿದ್ದಕ್ಕೆ ಕೊಟ್ಟ ಹಾಳೆಯನ್ನು ಪಿಎಚ್.ಡಿ. ಪ್ರವೇಶದ ಸಮಿತಿಯಾಗಲಿ ವಿದ್ಯಾರ್ಥಿವೇತನದ ಸಮಿತಿಯಾಗಲಿ ಎಣಿಸುವುದನ್ನು ನಾನು ನೋಡಿಲ್ಲ. ಮಂಡಿಸಿದ ಪ್ರಬಂಧವನ್ನು ಎಣಿಸುತ್ತಾರೆ, ಅದಕ್ಕಿಂತ ಹೆಚ್ಚಾಗಿ ಅದರ ಬಗ್ಗೆ ಸಂದರ್ಶನದಲ್ಲಿ ನೀವು ಹತ್ತು ನಿಮಿಷ ಮಾತಾಡಬಲ್ಲಿರಾ ಎಂದು ನೋಡುತ್ತಾರೆ.

ಭಾಷೆಯ ವಿಷಯದಲ್ಲಿ ನಿಮ್ಮ ಅಳುಕು ಅರ್ಧ ಸರಿ. ಒಕ್ಕೂಟಕ್ಕೆ ಈಗ 24 ಅಧಿಕೃತ ಭಾಷೆಗಳಿವೆ, ಅದರ ಕಾನೂನು ಪಠ್ಯಗಳೆಲ್ಲ ಯುರ್-ಲೆಕ್ಸ್ ಎಂಬ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ, ಇಂಗ್ಲಿಷ್ ಒಂದರಲ್ಲೇ ಬಹುದೂರ ಹೋಗಬಹುದು. ಆದರೆ 1957ರಲ್ಲಿ ರೋಮ್ ಒಪ್ಪಂದಕ್ಕೆ ಅಧಿಕೃತ ಇಂಗ್ಲಿಷ್ ಪಠ್ಯವೇ ಇರಲಿಲ್ಲ. ಅದು ಜರ್ಮನ್, ಫ್ರೆಂಚ್, ಇಟಾಲಿಯನ್, ಡಚ್ ಭಾಷೆಗಳಲ್ಲಿತ್ತು, ಇಂಗ್ಲಿಷ್ ಅಧಿಕೃತವಾದದ್ದು 1973ರಲ್ಲಿ ಬ್ರಿಟನ್ ಮತ್ತು ಐರ್ಲೆಂಡ್ ಸೇರಿದಾಗ. ವಿದ್ಯಾರ್ಥಿ ಸಂಕಿರಣಕ್ಕೆ ಇಂಗ್ಲಿಷ್ ಅನುವಾದ ಸಾಕು, ಅನುವಾದ ಬಳಸಿದ್ದೇನೆಂದು ಒಂದು ಸಾಲು ಬರೆಯಿರಿ. ಮುಂದೆ ಇದೇ ವಿಷಯದಲ್ಲಿ ಸಂಶೋಧನೆಗೆ ಇಳಿಯುವುದಾದರೆ ಫ್ರೆಂಚ್ ಓದುವಷ್ಟಾದರೂ ಬರಲೇಬೇಕು. ಮಾತಾಡಲು ಬಾರದಿದ್ದರೂ ನಡೆಯುತ್ತದೆ.

ಹಾಗಾದರೆ ಸಾರಲೇಖ ಕಳಿಸಬೇಕೇ? ಕಳಿಸಿ. ಆದರೆ ಯಾವುದನ್ನು ಎಂಬುದರ ಮೇಲೆ ಎಲ್ಲವೂ ನಿಂತಿದೆ. ‘ಐರೋಪ್ಯ ಏಕೀಕರಣ: ಸವಾಲುಗಳು ಮತ್ತು ಸಾಧ್ಯತೆಗಳು’ ಎಂಬ ಜಾತಿಯ ಶೀರ್ಷಿಕೆಯಡಿ ಎಲ್ಲವನ್ನೂ ತುಂಬುವುದು ಸುರಕ್ಷಿತವೆಂದು ಅನೇಕರು ತಿಳಿಯುತ್ತಾರೆ. ನಾನು ಆಯ್ಕೆ ಸಮಿತಿಯಲ್ಲಿದ್ದಾಗ ಇಂಥವು ರಾಶಿಯಾಗಿ ಬರುತ್ತಿದ್ದವು, ಒಂದನ್ನು ಇನ್ನೊಂದರಿಂದ ಗುರುತಿಸಲಾಗದೆ ಪಕ್ಕಕ್ಕಿಡುತ್ತಿದ್ದೆವು. ನೀವು ಕೇಳಿದ ಏಳು ಉಪನ್ಯಾಸಗಳ ಸಾರವನ್ನು ಹೊಲಿದು ಒಂದು ಪ್ರಬಂಧ ಮಾಡುವ ಆಸೆಯೂ ಬರಬಹುದು, ಅದು ಇನ್ನೂ ಅಪಾಯ. ಅಪ್ರಕಟಿತ ಉಪನ್ಯಾಸದ ವಾದವನ್ನು ಅನುಮತಿಯಿಲ್ಲದೆ ಬಳಸಿದಂತಾಗುತ್ತದೆ, ಜೊತೆಗೆ ಆ ಪ್ರಾಧ್ಯಾಪಕರೇ ಎದುರಿನ ಸಾಲಿನಲ್ಲಿ ಕುಳಿತಿರಬಹುದು. ನಿಮ್ಮ ಬಳಿ ಸ್ವಂತದ್ದೊಂದು ಪ್ರಶ್ನೆ ಆಗಲೇ ಇದೆ. ಅದನ್ನು ನಕ್ಕು ತಳ್ಳಿದರು ಎಂಬ ಕಾರಣಕ್ಕೆ ನೀವೂ ಅದನ್ನು ಕೆಳಗೆ ಹಾಕಿದ್ದೀರಿ.

ಅದನ್ನು ಎತ್ತಿ ನೋಡೋಣ. 1957ರ ಮಾರ್ಚ್ 25ರಂದು ಸಹಿ ಹಾಕಿದ ಆರು ದೇಶಗಳಲ್ಲಿ ನಾಲ್ಕಕ್ಕೆ ಯುರೋಪಿನ ಹೊರಗೆ ಆಳ್ವಿಕೆಯ ಅಥವಾ ಉಸ್ತುವಾರಿಯ ಪ್ರದೇಶಗಳಿದ್ದವು. ಫ್ರಾನ್ಸಿಗೆ ಪಶ್ಚಿಮ ಆಫ್ರಿಕಾ, ಸಮಭಾಜಕ ಆಫ್ರಿಕಾ, ಮಡಗಾಸ್ಕರ್ ಮುಂತಾಗಿ ಬಹಳ ದೊಡ್ಡ ಭಾಗ, ಬೆಲ್ಜಿಯಂಗೆ ಕಾಂಗೋ ಮತ್ತು ರುವಾಂಡಾ-ಉರುಂಡಿ, ನೆದರ್ಲೆಂಡ್ಸ್‌ಗೆ ನ್ಯೂಗಿನಿ, ಇಟಲಿಗೆ ವಿಶ್ವಸಂಸ್ಥೆಯ ಪರವಾಗಿ ನೋಡಿಕೊಳ್ಳುತ್ತಿದ್ದ ಸೊಮಾಲಿಯಾ. ಒಪ್ಪಂದ ಇವನ್ನು ಮರೆತಿರಲಿಲ್ಲ. ಅದರ ನಾಲ್ಕನೇ ಭಾಗ, 131ರಿಂದ 136ರವರೆಗಿನ ವಿಧಿಗಳು, ಇಂತಹ ಪ್ರದೇಶಗಳನ್ನು ಸಮುದಾಯಕ್ಕೆ ‘ಸಹಯೋಗಿ’ಗಳಾಗಿ ಸೇರಿಸುವುದಕ್ಕೇ ಮೀಸಲು. ನಾಲ್ಕನೇ ಅನುಬಂಧದಲ್ಲಿ ಹೆಸರುಗಳ ಪಟ್ಟಿಯಿದೆ. ಆ ಪಟ್ಟಿಯಲ್ಲಿ ಅಲ್ಜೀರಿಯಾ ಇಲ್ಲ. ಏಕೆಂದರೆ ಫ್ರಾನ್ಸ್ ಅದನ್ನು ತನ್ನದೇ ನೆಲವೆಂದು ಹೇಳುತ್ತಿತ್ತು, ಅಲ್ಲಿ 1954ರಿಂದ ಯುದ್ಧ ನಡೆಯುತ್ತಿದ್ದರೂ. ಆದ್ದರಿಂದ ಅದಕ್ಕೆ 227ನೇ ವಿಧಿಯಲ್ಲಿ ಬೇರೆಯೇ ಜಾಗ ಸಿಕ್ಕಿತು.

ಒಪ್ಪಂದಕ್ಕೆ ಹೊಂದಿಸಿದ ಐದು ವರ್ಷದ ಅನುಷ್ಠಾನ ಒಡಂಬಡಿಕೆಯಲ್ಲಿ ಒಂದು ಅಭಿವೃದ್ಧಿ ನಿಧಿ ಇದೆ. ಮೊತ್ತ 581.25 ಮಿಲಿಯನ್ ಲೆಕ್ಕಮಾನ, ಅಂದರೆ ದೇಶಗಳ ನಡುವಿನ ಲೆಕ್ಕಕ್ಕೆ ಆಗ ಬಳಸುತ್ತಿದ್ದ ಘಟಕ. ಅದರಲ್ಲಿ ಫ್ರಾನ್ಸ್ 200, ಪಶ್ಚಿಮ ಜರ್ಮನಿಯೂ 200 ಮಿಲಿಯನ್ ಕೊಟ್ಟವು. ಹಂಚುವಾಗ 511.25 ಮಿಲಿಯನ್ ಹೋದದ್ದು ಫ್ರಾನ್ಸಿನ ಅಧೀನದ ಪ್ರದೇಶಗಳಿಗೆ. ವಸಾಹತುಗಳೇ ಇಲ್ಲದ ಜರ್ಮನಿ ಫ್ರಾನ್ಸಿನಷ್ಟೇ ಹಣ ಏಕೆ ಇಟ್ಟಿತು, ಅದಕ್ಕೆ ಬದಲಾಗಿ ಆ ಮಾರುಕಟ್ಟೆಗಳಲ್ಲಿ ಅದಕ್ಕೆ ಏನು ಸಿಗಬೇಕಿತ್ತು ಎಂದು ಕೇಳಿದ ಕ್ಷಣ ನಿಮ್ಮ ಪ್ರಬಂಧ ಆರಂಭವಾಗುತ್ತದೆ. ಮುಂದಿನ ಐದಾರು ವರ್ಷಗಳಲ್ಲಿ ಆ ಪಟ್ಟಿಯ ಬಹುಪಾಲು ಹೆಸರುಗಳು ಸ್ವತಂತ್ರ ದೇಶಗಳಾದವು. 1963ರ ಜುಲೈ 20ರಂದು ಅವುಗಳಲ್ಲಿ 18 ದೇಶಗಳು ಕ್ಯಾಮರೂನಿನ ರಾಜಧಾನಿ ಯಾವುಂಡೆಯಲ್ಲಿ ಸಮುದಾಯದೊಂದಿಗೆ ಹೊಸ ಒಡಂಬಡಿಕೆಗೆ ಸಹಿ ಹಾಕಿದವು. ನೀವು ಅಲ್ಲಿಗೆ ನಿಲ್ಲಿಸಬಹುದು, ನಿಲ್ಲಿಸಬೇಕು ಕೂಡ. ಇಪ್ಪತ್ತು ನಿಮಿಷದ ಮಂಡನೆಗೆ 1957ರಿಂದ 1963 ಸಾಕಷ್ಟು ದೂರ.

ಇದರಲ್ಲಿ ಅಪಾಯಗಳಿಲ್ಲವೆಂದಲ್ಲ. ಈ ವಿಷಯದಲ್ಲಿ ಗಟ್ಟಿಯಾದ ಸಂಶೋಧನೆ ಈಗಾಗಲೇ ನಡೆದಿದೆ. ‘ಯಾರೂ ಗಮನಿಸದ ಅಧ್ಯಾಯ’ ಎಂದೇನಾದರೂ ಬರೆದರೆ ಪ್ರತಿಕ್ರಿಯೆ ನೀಡುವವರು ಮೊದಲ ನಿಮಿಷದಲ್ಲೇ ಅದನ್ನು ಹಿಡಿಯುತ್ತಾರೆ. ಮೈಕ್ ಬೇರೆಯವರಿಗೆ ಕೊಟ್ಟವರೇ ಆಯ್ಕೆ ಸಮಿತಿಯಲ್ಲಿರಬಹುದು. ಅವರು ನಿಮ್ಮನ್ನು ನೆನಪಿಟ್ಟುಕೊಂಡಿರುವ ಸಂಭವ ಕಡಿಮೆ, ನೆನಪಿದ್ದರೆ ಅದು ನಿಮಗೆ ಅನುಕೂಲವೇ. ಸಂಕಿರಣದ ನಡಾವಳಿ ಪುಸ್ತಕದಲ್ಲಿ ಪೂರ್ಣ ಪ್ರಬಂಧ ಮುದ್ರಿಸಲು ಕೇಳಿದರೆ ತಕ್ಷಣ ಒಪ್ಪಬೇಡಿ. ಒಮ್ಮೆ ಅಲ್ಲಿ ಅಚ್ಚಾದದ್ದನ್ನು ಒಳ್ಳೆಯ ನಿಯತಕಾಲಿಕಗಳು ಮತ್ತೆ ತೆಗೆದುಕೊಳ್ಳಲು ಹಿಂಜರಿಯುತ್ತವೆ, ಸಾರಲೇಖ ಮಾತ್ರ ಮುದ್ರಿಸಿ ಎನ್ನಬಹುದು. ನಿಮ್ಮ ಕೇಂದ್ರದ ಸಂಕಿರಣಕ್ಕೆ ಇದು ಅನ್ವಯಿಸದಿದ್ದರೂ ಹೇಳಿಬಿಡುತ್ತೇನೆ: ಇನ್ನು ಮುಂದೆ ನಿಮಗೆ ‘ಅಂತರರಾಷ್ಟ್ರೀಯ ಸಮ್ಮೇಳನ’ಗಳ ಆಹ್ವಾನಗಳು ಬರತೊಡಗುತ್ತವೆ. ಸಾರಲೇಖ ಕಳಿಸಿದ ಮರುದಿನವೇ ಸ್ವೀಕೃತವೆಂದು ತಿಳಿಸಿ, ಶುಲ್ಕ ಕಟ್ಟಲು ಅವಸರಪಡಿಸಿ, ಆಯ್ಕೆ ಸಮಿತಿಯ ಹೆಸರುಗಳನ್ನೇ ಕೊಡದವರಿಂದ ದೂರವಿರಿ.

300 ಪದಗಳನ್ನು ಬರೆಯುವಾಗ ಏಕೀಕರಣದ ಮಹತ್ವದಿಂದ ಆರಂಭಿಸಬೇಡಿ, ಸಭೆಯಲ್ಲಿ ನಡೆದದ್ದನ್ನೂ ತರಬೇಡಿ. 581.25 ಮತ್ತು 511.25 ಎಂಬ ಎರಡು ಅಂಕಿಗಳನ್ನು ಮೊದಲ ವಾಕ್ಯದಲ್ಲಿಡಿ, ಎರಡನೆಯದರಲ್ಲಿ ನಿಮ್ಮ ಪ್ರಶ್ನೆ, ಆಮೇಲೆ ನೀವು ಓದಲಿರುವ ಮೂರು ಪಠ್ಯಗಳ ಹೆಸರು: ನಾಲ್ಕನೇ ಭಾಗ, 227ನೇ ವಿಧಿ, ಅನುಷ್ಠಾನ ಒಡಂಬಡಿಕೆ. ಉತ್ತರ ಗೊತ್ತಿದ್ದರೆ ಮಾತ್ರ ಕಳಿಸಬೇಕೆಂದೇನೂ ಇಲ್ಲ. ಅದನ್ನು ಹುಡುಕಲು ಸಂಕಿರಣದ ದಿನದವರೆಗೆ ಸಮಯವಿದೆ.